ಶ್ರೀ ಜೆ. ಎಚ್. ಪಟೇಲರ ಶಾಸಕ ಜೀವನ: ಒಂದು ವಿಮರ್ಶೆ

ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಗಾದೆ. ಮಾತು ಬಲ್ಲ ರಾಜಕಾರಣಿಗೆ ಚರಿತ್ರೆಯೂ ಇಲ್ಲದೆ ಹೋಗುವುದುಂಟೆಂದು ಅದಕ್ಕೆ ಸೇರಿಸಬಹುದೇನೋ. ಶ್ರೀ ಜಯದೇವಪ್ಪ ಹಾಲಪ್ಪ ಪಟೇಲರ ವಿಷಯದಲ್ಲಿ ಆಗಿರುವುದು ಇದೇ. ಅವರು ೧೯೬೭ರಲ್ಲಿ ಲೋಕಸಭೆಯನ್ನು ಪ್ರವೇಶಿಸಿದರು. ೧೯೭೮, ೧೯೮೩, ೧೯೮೫, ೧೯೯೪ರಲ್ಲಿ ಚನ್ನಗಿರಿಯಿಂದ ವಿಧಾನಸಭೆಗೆ ಆರಿಸಿ ಬಂದರು. ೧೯೯೬ರ ಮೇ ೩೧ರಿಂದ ೧೯೯೯ರ ಅಕ್ಟೋಬರಿನವರೆಗೆ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದರು. ೨೦೦೦ದ ಡಿಸೆಂಬರ್ ೧೨ರಂದು ಕಾಲವಾದರು. ಇಷ್ಟು ದೀರ್ಘವಾದ ಸಾರ್ವಜನಿಕ ಜೀವನದಿಂದ ಜನರ ನಾಲಗೆಯ ಮೇಲೆ ಉಳಿದಿರುವುದು ಬಹುಮಟ್ಟಿಗೆ ಅವರ ಹಾಸ್ಯೋಕ್ತಿಗಳು, ಮತ್ತು ತಮ್ಮ ಖಾಸಗಿ ದೌರ್ಬಲ್ಯಗಳನ್ನು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಿದ್ದ ರೀತಿ. ಸದನದಲ್ಲಿ ವಿರೋಧಿಯನ್ನೂ ನಗಿಸಬಲ್ಲ ಶಕ್ತಿ ಸಾಮಾನ್ಯವಾದುದಲ್ಲ, ನಿಜ. ಆದರೆ ಪ್ರಸಂಗಗಳ ಸಂಗ್ರಹವು ಚರಿತ್ರೆಯಾಗಲಾರದು. ಅವರನ್ನು ಮೆಚ್ಚುವವರೂ ಜರೆಯುವವರೂ ಒಂದೇ ಪ್ರಸಂಗಮಾಲಿಕೆಯನ್ನು ಹಿಡಿದುಕೊಂಡು, ಒಬ್ಬರು ಅದರಲ್ಲಿ ಸತ್ಯವಂತನನ್ನೂ ಮತ್ತೊಬ್ಬರು ಅಲಕ್ಷ್ಯವಂತನನ್ನೂ ಕಾಣುತ್ತಿರುವರು. ಈ ಎರಡು ಚಿತ್ರಗಳ ನಡುವೆ ಶಾಸಕನು ಕಾಣೆಯಾಗಿದ್ದಾನೆ.

ಶಾಸಕನನ್ನು ಅಳೆಯಲು ನಮಗೆ ತಕ್ಕ ಅಳತೆಗೋಲು ಬೇಕು. ಅವನು ಹಿಡಿದ ಹುದ್ದೆಗಳನ್ನೆಣಿಸುವುದು ಸುಲಭ. ಅವನು ತನ್ನ ಊರಿಗೆ ತಂದ ರಸ್ತೆ ಸೇತುವೆಗಳನ್ನೆಣಿಸುವುದು ಇನ್ನೂ ಸುಲಭ. ಮೊದಲನೆಯ ಲೆಕ್ಕವು ಅಭಿನಂದನ ಗ್ರಂಥಗಳದು, ಎರಡನೆಯದು ಚುನಾವಣೆಯ ಕರಪತ್ರಗಳದು. ಪಟೇಲರ ಜೀವಿತದಲ್ಲಿ ಆದ್ಯಂತವಾಗಿ ಹರಿದಿರುವ ಒಂದು ವಿಚಾರವಿದೆಯೆಂದೂ, ಆ ವಿಚಾರದಿಂದಲೇ ಅವರನ್ನು ಅಳೆಯಬೇಕೆಂದೂ ನಮ್ಮ ಅಭಿಪ್ರಾಯ. ಪ್ರಜೆಯು ಸರ್ಕಾರದ ಬಳಿಗೆ ಹತ್ತಿಹೋಗುವುದಲ್ಲ, ಸರ್ಕಾರವೇ ಪ್ರಜೆಯಿರುವಲ್ಲಿಗೆ, ಅವನ ಮಾತಿಗೆ, ಇಳಿದು ಬರಬೇಕೆಂಬುದು ಆ ವಿಚಾರ. ಅದನ್ನು ಅವರು ಎಲ್ಲಿ ಸಾಧಿಸಿದರು, ಎಲ್ಲಿ ಕೈಬಿಟ್ಟರು ಎಂಬುದನ್ನು ನೋಡುವಾಗ, ವಿಧಾನಸೌಧದ ಮೆಟ್ಟಲಿನ ಮೇಲೆ ನಿಂತಂತೆಯೇ ಅವರ ತಾಲ್ಲೂಕಿನ ದಕ್ಷಿಣದ ಅಂಚಾದ ಉಬ್ರಾಣಿಯಲ್ಲಿಯೂ ಒಮ್ಮೆ ನಿಂತು ನೋಡುವುದು ಅವಶ್ಯವೆಂದು ತೋರುತ್ತದೆ. ಕಾರಣವು ಮುಂದೆ ವಿಶದವಾಗುವುದು.

ಪಟೇಲರು ೧೯೩೦ರ ಅಕ್ಟೋಬರ್ ೧ರಂದು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನಲ್ಲಿ ಜನಿಸಿದರು. ತಾಲ್ಲೂಕು ಆಗ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಮಲೆನಾಡೂ ಅಲ್ಲದ, ಪೂರ್ಣ ಬಯಲುಸೀಮೆಯೂ ಅಲ್ಲದ ಅರೆಮಲೆನಾಡು ಇದು. ಸೂಳೆಕೆರೆಯಂಥ ವಿಸ್ತಾರವಾದ ಕೆರೆ, ಸಂತೆಬೆನ್ನೂರಿನ ಪುಷ್ಕರಣಿ, ಅಡಿಕೆಯ ತೋಟಗಳು, ಅವುಗಳ ಮಗ್ಗುಲಲ್ಲಿಯೇ ಮಳೆಯನ್ನು ನಂಬಿದ ಒಣನೆಲ. ಅವರ ಹೆಸರಿನ ಕೊನೆಯ ಪದವು ಒಂದು ಗ್ರಾಮಾಧಿಕಾರದ ಹೆಸರು. ವಂಶಪಾರಂಪರ್ಯವಾದ ಆ ಅಧಿಕಾರಗಳನ್ನು ಮೈಸೂರು ರಾಜ್ಯವು ೧೯೬೧ರ ಕಾಯಿದೆಯಿಂದ ರದ್ದುಮಾಡಿತು. ಅಧಿಕಾರ ಹೋದ ಮೇಲೂ ಹೆಸರನ್ನುಳಿಸಿಕೊಂಡವರು ಅನೇಕರು. ಹೆಸರನ್ನುಳಿಸಿಕೊಂಡು ಸಮಾಜವಾದಿಯಾದವರು ಮಾತ್ರ ವಿರಳ.

ಕಾನೂನು ಪದವೀಧರರಾದ ಪಟೇಲರು ಶ್ರೀ ಶಾಂತವೇರಿ ಗೋಪಾಲಗೌಡರ ಬಳಗದಲ್ಲಿ ರಾಜಕಾರಣವನ್ನು ಕಲಿತರು. ಈ ಬಳಗದ ಮೂಲಪಾಠವು ೧೯೫೧ರ ಕಾಗೋಡು ಸತ್ಯಾಗ್ರಹ. ಗೇಣಿ ಅಳೆಯುವ ಕೊಳಗದ ಗಾತ್ರವನ್ನು ಕುರಿತು ಸಾಗರ ಸೀಮೆಯ ಗೇಣಿದಾರರಿಗೂ ಒಡೆಯರಿಗೂ ನಡೆದ ಆ ಹೋರಾಟಕ್ಕೆ ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದುದು ಸುಪ್ರಸಿದ್ಧವಾಗಿದೆ. ಕಾಗೋಡಿನ ಪಾಠ ಭೂಮಿಯೊಂದಕ್ಕೇ ಸೀಮಿತವಾದುದಲ್ಲವೆಂಬುದು ಇಲ್ಲಿ ಗಮನಾರ್ಹ. ಅಳತೆಯ ಪಾತ್ರೆ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ಅದರ ಒಳಗಿತ್ತು. ಪಟೇಲರು ಮುಂದೆ ಎತ್ತಿದ ಎರಡು ದೊಡ್ಡ ಪ್ರಶ್ನೆಗಳೂ, ಅರ್ಥಾತ್ ಭಾಷೆಯ ಪ್ರಶ್ನೆ ಮತ್ತು ಜಿಲ್ಲೆಯ ಪ್ರಶ್ನೆ, ಈ ಜಾತಿಯವೇ.

೧೯೬೭ರ ಮಹಾಚುನಾವಣೆಯಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ಶಿವಮೊಗ್ಗ ಕ್ಷೇತ್ರದಿಂದ ಅವರು ಲೋಕಸಭೆಗೆ ಹೋದರು. ಕಾಂಗ್ರೆಸ್ಸಿನ ಬಲ ೨೮೩ಕ್ಕೆ ಇಳಿದಿದ್ದ, ಮದರಾಸು ರಾಜ್ಯದಲ್ಲಿ ಆ ಪಕ್ಷ ಅಧಿಕಾರವನ್ನೇ ಕಳೆದುಕೊಂಡಿದ್ದ ಕಾಲವದು. ಆ ಸಭೆಯಲ್ಲಿ ಪಟೇಲರು ಕನ್ನಡದಲ್ಲಿ ಮಾತಾಡಿದರು. ಲೋಕಸಭೆಯಲ್ಲಿ ಕನ್ನಡದ ಭಾಷಣ ಮಾಡಿದವರಲ್ಲಿ ಮೊದಲಿಗರೆನಿಸಿದರು. ಅಧ್ಯಕ್ಷ ಪೀಠದಲ್ಲಿದ್ದ ಶ್ರೀ ನೀಲಂ ಸಂಜೀವ ರೆಡ್ಡಿಯವರು ಅದಕ್ಕೆ ಅವಕಾಶವಿತ್ತರು. ಅಧ್ಯಕ್ಷರ ಮಾತೃಭಾಷೆ ತೆಲುಗು ಎಂಬುದು ಇಲ್ಲಿ ಅಪ್ರಸ್ತುತವಲ್ಲ.

ಈ ಘಟನೆಯನ್ನು ಕನ್ನಡಾಭಿಮಾನದ ಒಂದು ವೀರಕೃತ್ಯವೆಂದು ವರ್ಣಿಸುವುದು ರೂಢಿಯಾಗಿದೆ. ಅಭಿಮಾನವಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಇಷ್ಟಕ್ಕೇ ತೃಪ್ತರಾದರೆ ಅದರ ನಿಜವಾದ ಸತ್ತ್ವವು ನಮಗೆ ತಪ್ಪಿಹೋಗುವುದು. ಸಂವಿಧಾನದ ೧೨೦ನೆಯ ಅನುಚ್ಛೇದದಂತೆ ಸಂಸತ್ತಿನ ಕಾರ್ಯಕಲಾಪವು ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯತಕ್ಕದ್ದು. ಈ ಎರಡರಲ್ಲಿ ಯಾವುದರಲ್ಲಿಯೂ ತನ್ನ ಅಭಿಪ್ರಾಯವನ್ನು ಸಮರ್ಪಕವಾಗಿ ವ್ಯಕ್ತಪಡಿಸಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತಾಡಲು ಅಧ್ಯಕ್ಷರು ಅನುಮತಿ ಕೊಡಬಹುದೆಂದು ಅದೇ ಅನುಚ್ಛೇದವು ಒಂದು ವಿನಾಯಿತಿಯನ್ನು ಕಲ್ಪಿಸಿದೆ. ಅಂದರೆ ಕನ್ನಡ, ತಮಿಳು, ಬಂಗಾಳಿಗಳು ಸಂಸತ್ತಿನ ಬಾಗಿಲನ್ನು ಪ್ರವೇಶಿಸಬಹುದಾದುದು ಅಸಾಮರ್ಥ್ಯದ ಹೆಸರಿನಲ್ಲಿ. ಬಾರದವನಿಗೆ ತೋರುವ ದಯೆಯ ರೂಪದಲ್ಲಿ. ಪಟೇಲರು ಕಾನೂನನ್ನು ಓದಿದವರು. ಇಂಗ್ಲಿಷ್ ಬಾರದವರೆಂದು ಅವರನ್ನು ಯಾರೂ ಭಾವಿಸುವಂತಿರಲಿಲ್ಲ. ಅಂಥವರು ಕನ್ನಡದಲ್ಲಿ ಮಾತಾಡಿದಾಗ ವಿನಾಯಿತಿಯ ಅರ್ಥವೇ ಬೇರೆಯಾಯಿತು. ಅಶಕ್ತನಿಗೆ ಕೊಟ್ಟ ಅನುಮತಿಯು ಶಕ್ತನ ಕೈಯಲ್ಲಿ ಹಕ್ಕಿನ ಮುಖವನ್ನು ತಳೆಯಿತು. ಒಂದಕ್ಷರವೂ ತಿದ್ದುಪಡಿಯಾಗದೆ ಸಂವಿಧಾನದ ಒಂದು ವಾಕ್ಯವು ಹೊಸದಾಗಿ ಓದಲ್ಪಟ್ಟಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಶಾಸಕನು ಮಸೂದೆಗಳನ್ನು ಮಂಡಿಸಿಯೇ ಶಾಸನವನ್ನು ಬದಲಿಸಬೇಕೆಂಬ ನಿಯಮವಿಲ್ಲ. ಸದನದ ನಡವಳಿಕೆಯಿಂದಲೂ ಬದಲಿಸಬಹುದು. ನಮ್ಮ ರಾಜ್ಯಶಾಸ್ತ್ರದ ತರಗತಿಗಳಲ್ಲಿ ಈ ದೃಷ್ಟಾಂತವು ಬಳಕೆಯಾಗದಿರುವುದು ಆಶ್ಚರ್ಯ.

ಇನ್ನೊಂದು ಅಂಶ. ಹಿಂದಿಯು ಏಕಮಾತ್ರ ಅಧಿಕೃತ ಭಾಷೆಯಾಗಬಹುದೆಂಬ ಭಯದಿಂದ ೧೯೬೫ರಲ್ಲಿ ತಮಿಳು ಸೀಮೆಯು ಹೊತ್ತಿ ಉರಿದಿತ್ತು. ೧೯೬೭ರ ಕೊನೆಯಲ್ಲಿ, ಪಟೇಲರಿದ್ದ ಲೋಕಸಭೆಯೇ, ಇಂಗ್ಲಿಷಿನ ಮುಂದುವರಿಕೆಗೆ ಭದ್ರತೆ ಕೊಡುವ ಅಧಿಕೃತ ಭಾಷೆಗಳ ತಿದ್ದುಪಡಿಯನ್ನು ಅಂಗೀಕರಿಸಿತು. ಆಗ ದೇಶದ ಮುಂದಿದ್ದುವು ಎರಡು ಪಕ್ಷಗಳು: ಹಿಂದಿ ಬೇಕೆನ್ನುವುದು, ಇಂಗ್ಲಿಷೇ ಇರಲೆನ್ನುವುದು. ದಕ್ಷಿಣದವರು ಎರಡನೆಯ ಪಕ್ಷದಲ್ಲಿರಬೇಕೆಂಬುದು ಸಹಜವಾದ ನಿರೀಕ್ಷೆ. ಲೋಹಿಯಾ ಅವರ ಅನುಯಾಯಿಯಾದ ಪಟೇಲರಿಗೆ ಇಂಗ್ಲಿಷನ್ನು ಆಶ್ರಯಿಸುವುದು ಸಾಧ್ಯವಿರಲಿಲ್ಲ. ಹಿಂದಿಯಲ್ಲಿ ಮಾತಾಡಿದ್ದರೆ ಶಿವಮೊಗ್ಗದ ಮತದಾರನಿಗೆ ಅದು ಇಂಗ್ಲಿಷಿನಷ್ಟೇ ದೂರ. ಲೋಹಿಯಾ ಅವರ ವಾದವನ್ನು ಅದರ ತಾರ್ಕಿಕ ಕೊನೆಗೆ ಒಯ್ದವರು ಉತ್ತರದ ಅವರ ಶಿಷ್ಯರಲ್ಲ, ಚನ್ನಗಿರಿಯ ಈ ಶಿಷ್ಯ. ಅವರ ಸಮಾಜವಾದದಲ್ಲಿ ಸ್ವಂತಿಕೆ ಇರಲಿಲ್ಲವೆಂದು ಹೇಳುವವರು ಈ ಘಟನೆಯನ್ನು ಮತ್ತೊಮ್ಮೆ ಪರಿಶೀಲಿಸಬೇಕು.

೧೯೭೧ರಲ್ಲಿ ಶಿವಮೊಗ್ಗ ಕ್ಷೇತ್ರವು ಕಾಂಗ್ರೆಸ್ಸಿಗೆ ಹೋಯಿತು. ೧೯೭೨ರಲ್ಲಿ ಗೋಪಾಲಗೌಡರು ತೀರಿಕೊಂಡರು. ೧೯೭೪ರಲ್ಲಿ ಶ್ರೀ ದೇವರಾಜ ಅರಸರ ಸರ್ಕಾರವು ಉಳುವವನಿಗೆ ಭೂಮಿಯೆಂಬ ತತ್ತ್ವದ ಮೇಲೆ ಭೂಸುಧಾರಣೆಯ ತಿದ್ದುಪಡಿಯನ್ನು ತಂದಿತು. ತುರ್ತುಪರಿಸ್ಥಿತಿಯಲ್ಲಿ ಪಟೇಲರು ಸೆರೆಮನೆಯಲ್ಲಿದ್ದರು. ಕಾಗೋಡಿನವರು ಕೇಳಿದ್ದನ್ನು ಕಾಂಗ್ರೆಸ್ ಸರ್ಕಾರ ಕೊಡುತ್ತಿತ್ತು. ಕೇಳಿದವರ ಜೊತೆಗಾರರು ಕಂಬಿಯ ಹಿಂದೆ ಇದ್ದರು. ಕರ್ನಾಟಕದ ಸಮಾಜವಾದಿಗಳ ಪಾಲಿಗೆ ಇದಕ್ಕಿಂತ ವಿಚಿತ್ರವಾದ ಸನ್ನಿವೇಶ ಬೇರೊಂದಿರಲಾರದು. ೧೯೭೮ರಲ್ಲಿ ಜನತಾ ಪಕ್ಷದಿಂದ ಪಟೇಲರು ಮೊದಲ ಬಾರಿಗೆ ವಿಧಾನಸಭೆಯೊಳಗೆ ಕಾಲಿಟ್ಟಾಗ ಅವರಿಗೆ ನಲವತ್ತೇಳು ವರ್ಷ. ಎದುರಿಗೆ ೧೪೯ ಸ್ಥಾನಗಳನ್ನು ಗೆದ್ದ ಅರಸರ ಪಕ್ಷ. ಅವರ ಬಳಗದ ಪ್ರಧಾನ ಬೇಡಿಕೆಯನ್ನು ಎದುರಾಳಿ ಆಗಲೇ ಎತ್ತಿಕೊಂಡಾಗಿತ್ತು. ಉಳಿದಿದ್ದುದು ಆಡಳಿತದ ಸಾಮೀಪ್ಯದ ಪ್ರಶ್ನೆ. ಪಟೇಲರ ಮುಂದಿನ ರಾಜಕಾರಣದಲ್ಲಿ ಭೂಮಿಯ ಮಾತು ಹಿಂದೆ ಸರಿದುದಕ್ಕೆ ಅವರ ಹುಟ್ಟು, ಜಾತಿಗಳಲ್ಲಿ ಕಾರಣವನ್ನು ಹುಡುಕುವವರಿದ್ದಾರೆ. ಕಾಲಾನುಕ್ರಮವೇ ಒಂದು ಸಮಾಧಾನವನ್ನು ಕೊಡುತ್ತಿರುವಾಗ ಅಷ್ಟು ದೂರ ಹೋಗಬೇಕಾದುದಿಲ್ಲ.

೧೯೮೩ರಲ್ಲಿ ರಾಜ್ಯದ ಪ್ರಥಮ ಕಾಂಗ್ರೆಸ್ಸೇತರ ಸರ್ಕಾರ ಬಂತು. ಶ್ರೀ ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿ ಪಟೇಲರು ಸಚಿವರಾದರು. ಆ ಸರ್ಕಾರದ ಚಿರಸ್ಮರಣೀಯ ಕೃತಿಯು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ೧೯೮೩ರ ಕಾಯಿದೆ. ಅದರ ಪ್ರಾಣವಾಗಿದ್ದವರು ಶ್ರೀ ಅಬ್ದುಲ್ ನಜೀರ್ ಸಾಹೇಬರು. ಅದರ ಮೊದಲ ಚುನಾವಣೆಗಳು ೧೯೮೭ರಲ್ಲಿ ನಡೆದುವು. ಇದರ ಕೀರ್ತಿಯನ್ನು ಪಟೇಲರಿಗೆ ಹಂಚುವುದು ನ್ಯಾಯವಾಗದು. ಆದರೆ ಆ ಸರ್ಕಾರದೊಳಗೆ ಕುಳಿತು ಆ ಪ್ರಯೋಗವನ್ನು ಅವರು ಕಂಡರೆಂಬುದನ್ನು ನೆನಪಿಡಬೇಕು. ೧೯೮೯ರಲ್ಲಿ ಕಾಂಗ್ರೆಸ್ ೧೭೮ ಸ್ಥಾನಗಳನ್ನು ಪಡೆದ ಚುನಾವಣೆಯಲ್ಲಿ ಚನ್ನಗಿರಿ ಅವರನ್ನು ಸೋಲಿಸಿತು. ೧೯೯೪ರಲ್ಲಿ ಮರಳಿ ಗೆದ್ದು ಉಪಮುಖ್ಯಮಂತ್ರಿಗಳಾದರು. ಶ್ರೀ ಎಚ್. ಡಿ. ದೇವೇಗೌಡರು ಪ್ರಧಾನಿಗಳಾಗಿ ದೆಹಲಿಗೆ ಹೊರಟಾಗ ಮುಖ್ಯಮಂತ್ರಿಯ ಪೀಠ ಅವರಿಗೆ ಬಂತು. ಕಾಂಗ್ರೆಸ್ಸನ್ನು ಎಂದೂ ಸೇರದೆ ಆ ಪೀಠಕ್ಕೇರಿದವರು ಅವರು.

ಮುಖ್ಯಮಂತ್ರಿತ್ವದ ಮೂರೂಕಾಲು ವರ್ಷಗಳನ್ನು ಕುರಿತು ಪ್ರತಿಕೂಲ ಅಭಿಪ್ರಾಯಗಳು ಬಹಳ. ಪಕ್ಷದ ಒಳಜಗಳವನ್ನು ಅವರು ಅಡಗಿಸಲಿಲ್ಲ. ಹೆಗಡೆಯವರು ಉಚ್ಚಾಟಿತರಾದ ಮೇಲೆ ಜನತಾದಳವು ಸವೆಯುತ್ತ ಹೋಗಿ ೧೯೯೮ರ ಲೋಕಸಭಾ ಚುನಾವಣೆಯಲ್ಲಿ ೨೮ರಲ್ಲಿ ಮೂರು ಸ್ಥಾನಗಳಿಗಿಳಿಯಿತು. ಇನ್ನೊಂದು ತಕ್ಕಡಿಯಲ್ಲಿ ೧೯೯೭ರ ಮಾಹಿತಿ ತಂತ್ರಜ್ಞಾನ ನೀತಿಯನ್ನೂ, ೧೯೯೮ರ ಆಗಸ್ಟಿನಲ್ಲಿ ಕಾವೇರಿ ನದಿ ಪ್ರಾಧಿಕಾರದ ರಚನೆಗೆ ಕಾರಣವಾದ ಒಪ್ಪಂದವನ್ನೂ ಇಡಬಹುದು. ಇವುಗಳ ವಿಚಾರವಾಗಿ ಬೇರೆಯವರು ಸಾಕಷ್ಟು ಬರೆದಿರುವರು. ನಮ್ಮ ಪ್ರಶ್ನೆಗೆ ಉತ್ತರ ಕೊಡುವ ಕಾರ್ಯವೆಂದರೆ ಏಳು ಜಿಲ್ಲೆಗಳ ರಚನೆ.

೧೯೫೬ರಲ್ಲಿ ಏಕೀಕೃತವಾದ ರಾಜ್ಯದಲ್ಲಿ ೧೯ ಜಿಲ್ಲೆಗಳಿದ್ದುವು. ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರ ಸೇರಿ ೨೦ ಆದುವು. ಜಿಲ್ಲೆಗಳನ್ನು ಪುನರ್ವಿಂಗಡಿಸಬೇಕೆಂಬ ವಿಷಯವಾಗಿ ವಾಸುದೇವರಾವ್, ಹುಂಡೇಕರ್, ಗದ್ದಿಗೌಡರ್ ಇವರ ಸಮಿತಿಗಳು ಒಂದಾದಮೇಲೊಂದು ಕುಳಿತೆದ್ದುವು; ವರದಿಗಳು ಕಪಾಟು ಸೇರಿದುವು. ಯಾವ ಊರು ಯಾವ ಜಿಲ್ಲೆಗೆಂಬ ಕಲಹಕ್ಕೆ ಹೆದರಿ ಸರ್ಕಾರಗಳು ಕೈಯಿಡಲಿಲ್ಲ. ಪಟೇಲರು ೧೯೯೭ರಲ್ಲಿ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರ, ದಾವಣಗೆರೆ ಎಂಬ ಏಳು ಜಿಲ್ಲೆಗಳನ್ನು ಒಮ್ಮೆಗೇ ಮಾಡಿಬಿಟ್ಟರು. ವಿಜಾಪುರ, ಧಾರವಾಡ, ರಾಯಚೂರು ಮುಂತಾದ ಮಹಾ ಜಿಲ್ಲೆಗಳ ಅಂಚಿನಲ್ಲಿದ್ದ ರೈತನು ಒಂದು ಅಹವಾಲಿಗಾಗಿ ದಿನವನ್ನೇ ಕಳೆಯಬೇಕಾಗಿದ್ದ ಸ್ಥಿತಿ ಇದರಿಂದ ಬದಲಾಯಿತು. ಸದನದಲ್ಲಿ ಕನ್ನಡ ಮಾತಾಡಿದ ಮೂವತ್ತು ವರ್ಷಗಳ ಮೇಲೆ ಅದೇ ವಾದವು ಭೂಪಟದ ಮೇಲೆ ಮತ್ತೆ ಕಾಣಿಸಿಕೊಂಡಿತು. ಅವರಲ್ಲಿ ಅಲಕ್ಷ್ಯವನ್ನು ಮಾತ್ರ ಕಂಡವರಿಗೆ ಈ ಎರಡು ಘಟನೆಗಳ ಸಂಬಂಧವು ಗೋಚರವಾಗಲಿಲ್ಲ.

ಇಷ್ಟನ್ನು ಹೇಳಿದ ಮೇಲೆ ನಾವು ಉಬ್ರಾಣಿಗೆ ಬರಬೇಕು. ದಾವಣಗೆರೆ ಜಿಲ್ಲೆಯನ್ನು ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರುಗಳನ್ನೂ, ಬಳ್ಳಾರಿಯಿಂದ ಹರಪನಹಳ್ಳಿಯನ್ನೂ, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳನ್ನೂ ತೆಗೆದು ಜೋಡಿಸಲಾಯಿತು. ಮುಖ್ಯಮಂತ್ರಿಗಳ ಸ್ವಂತ ತಾಲ್ಲೂಕು ಹೀಗೆ ಜಿಲ್ಲೆ ಬದಲಿಸಿತು. ಉಬ್ರಾಣಿ ಹೋಬಳಿಯು ಚನ್ನಗಿರಿ ಪಟ್ಟಣದಿಂದ ದಕ್ಷಿಣಕ್ಕೆ, ತರೀಕೆರೆಯ ಗಡಿಯ ಕಡೆಗೆ, ಗುಡ್ಡಕಾಡಿನ ಸೆರಗಿನಲ್ಲಿದೆ. ಇಲ್ಲಿಯವರಿಗೆ ಪಶ್ಚಿಮದಲ್ಲಿ ಭದ್ರಾವತಿ ಹತ್ತಿರ, ಅದರಾಚೆಗೆ ಶಿವಮೊಗ್ಗ. ಅಡಿಕೆಯ ದೊಡ್ಡ ಮಾರುಕಟ್ಟೆಯೂ ಶಿವಮೊಗ್ಗದಲ್ಲಿಯೇ. ದಾವಣಗೆರೆಗೆ ಹೋಗಬೇಕಾದರೆ ಮೊದಲು ಉತ್ತರಕ್ಕೆ ಚನ್ನಗಿರಿ, ಅಲ್ಲಿಂದ ಮತ್ತೂ ಉತ್ತರಕ್ಕೆ ತಾಲ್ಲೂಕನ್ನೇ ಹಾಯ್ದು ಹೋಗಬೇಕು. ಹಾವೇರಿಯ ರೈತನಿಗೆ ಜಿಲ್ಲಾಧಿಕಾರಿಯನ್ನು ಹತ್ತಿರ ತಂದ ಆಜ್ಞೆಯೇ ಉಬ್ರಾಣಿಯ ರೈತನಿಂದ ಜಿಲ್ಲಾಧಿಕಾರಿಯನ್ನು ದೂರಕ್ಕೊಯ್ದಿತು. ಸಾಮೀಪ್ಯದ ತತ್ತ್ವವನ್ನು ರಾಜ್ಯಕ್ಕೆಲ್ಲ ಅನ್ವಯಿಸಿದವರ ಸ್ವಂತ ತಾಲ್ಲೂಕಿನ ಒಂದು ಹೋಬಳಿಯಲ್ಲಿಯೇ ಆ ತತ್ತ್ವವು ತಲೆಕೆಳಗಾಯಿತು.

ಇದಕ್ಕೆ ಸಮಾಧಾನ ಹೇಳುವವರಿದ್ದಾರೆ. ತಾಲ್ಲೂಕಿನ ಉತ್ತರ ಭಾಗಕ್ಕೆ, ಸಂತೆಬೆನ್ನೂರಿನ ಕಡೆಯವರಿಗೆ, ದಾವಣಗೆರೆಯೇ ಅನುಕೂಲವೆನ್ನುವರು, ಅದು ನಿಜ. ದಾವಣಗೆರೆ ಜಿಲ್ಲಾ ಕೇಂದ್ರವಾದುದರಿಂದಲೇ ಮುಂದೆ ೨೦೦೯ರಲ್ಲಿ ಅಲ್ಲಿ ವಿಶ್ವವಿದ್ಯಾನಿಲಯವೂ ಆಯಿತೆನ್ನುವರು, ಅದನ್ನೂ ಅಲ್ಲಗಳೆಯಲಾರೆವು. ತಾಲ್ಲೂಕನ್ನು ಸೀಳದೆ ಇಡಿಯಾಗಿ ಒಯ್ದುದು ವಿವೇಕವೆಂಬ ಮಾತೂ ಇದೆ. ಆದರೆ ನಮ್ಮ ಆಕ್ಷೇಪಣೆಯು ಗೆರೆ ಎಲ್ಲಿ ಎಳೆಯಲ್ಪಟ್ಟಿತೆಂಬುದರ ಮೇಲಲ್ಲ. ಎಲ್ಲಿ ಎಳೆದರೂ ಅಂಚಿನವನೊಬ್ಬನು ಇದ್ದೇ ಇರುವನು. ಅಂಚಿನವನ ದೂರವನ್ನು ಕಡಮೆಮಾಡುವ ಉಪಾಯವು ಜಿಲ್ಲಾ ಕೇಂದ್ರವನ್ನು ಬದಲಾಯಿಸುವುದರಲ್ಲಿಲ್ಲ; ಜಿಲ್ಲಾ ಕೇಂದ್ರದಲ್ಲಿ ಆಗುವ ಕೆಲಸವನ್ನು ಹೋಬಳಿಗೆ, ಪಂಚಾಯತಿಗೆ ಇಳಿಸುವುದರಲ್ಲಿದೆ. ನಜೀರ್ ಸಾಹೇಬರ ಕಾಯಿದೆ ಹೊರಟಿದ್ದುದು ಆ ದಾರಿಯಲ್ಲಿ. ಆ ಪ್ರಯೋಗವನ್ನು ಮಂತ್ರಿಮಂಡಲದೊಳಗಿನಿಂದ ಕಂಡಿದ್ದ ಪಟೇಲರು ಜಿಲ್ಲೆಗಳ ಸಂಖ್ಯೆಯನ್ನು ಹೆಚ್ಚಿಸಿದರೇ ಹೊರತು, ಅದೇ ಉಸಿರಿನಲ್ಲಿ ಜಿಲ್ಲೆಯ ಕೆಳಗಿನ ಮೆಟ್ಟಲುಗಳಿಗೆ ಅಷ್ಟೇ ದೊಡ್ಡ ಅಧಿಕಾರವನ್ನು ಕೊಡಲಿಲ್ಲ. ತಾಲ್ಲೂಕುಗಳ ಗಾತ್ರವೂ ಹಾಗೆಯೇ ಉಳಿಯಿತು. ನ್ಯಾಮತಿಯು ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದುದು ಅವರು ಹೋಗಿ ಬಹುಕಾಲದ ಮೇಲೆ. ೧೯೬೭ರಲ್ಲಿಯೂ ಇದೇ ಕ್ರಮ: ಮಾತಾಡಿ ತೋರಿಸಿದರು, ಬಾಗಿಲು ತೆರೆಯಿತು, ಮುಂದೆ ಆ ಬಾಗಿಲಲ್ಲಿ ಓಡಾಡುವ ವ್ಯವಸ್ಥೆಯನ್ನು ಬೇರೆಯವರು ಮಾಡಬೇಕಾಯಿತು. ಭಾಷೆಯ ವಿಷಯದಲ್ಲಿ ಇಷ್ಟೇ ಸಾಕಿತ್ತು. ಆಡಳಿತದ ವಿಷಯದಲ್ಲಿ ಸಾಲದು.

ನೀರಿನ ವಿಚಾರವೂ ಇದಕ್ಕೆ ಹೊಂದಿಕೊಂಡಿದೆ. ಭದ್ರಾ ನಾಲೆಯು ತಾಲ್ಲೂಕಿನ ತಗ್ಗಿನ ಗದ್ದೆಗಳಿಗೆ ನೀರುಣಿಸಿದರೂ, ಎತ್ತರದ ಉಬ್ರಾಣಿ ಸೀಮೆಗೆ ಕೆರೆಯೂ ಕೊಳವೆಬಾವಿಯೂ ಗತಿಯಾಗಿದ್ದುವು. ಭದ್ರೆಯಿಂದ ನೀರನ್ನೆತ್ತಿ ಕೆರೆಗಳನ್ನು ತುಂಬಿಸುವ ಉಬ್ರಾಣಿ–ಅಮೃತಾಪುರ ಏತ ನೀರಾವರಿ ಯೋಜನೆ ಕಾರ್ಯರೂಪಕ್ಕೆ ಬಂದುದು ಪಟೇಲರ ಕಾಲಾನಂತರದಲ್ಲಿ. ಮುಖ್ಯಮಂತ್ರಿಯೊಬ್ಬನು ತನ್ನ ತಾಲ್ಲೂಕಿಗೆ ವಿಶೇಷವಾಗಿ ಏನನ್ನೂ ಎಳೆದುಕೊಳ್ಳದಿದ್ದುದು ದೋಷವೋ ಗುಣವೋ ಎಂಬುದರಲ್ಲಿ ಪಂಡಿತರಲ್ಲಿಯೇ ಭೇದವಿದೆ. ನಾವು ಅದನ್ನು ಗುಣವೆಂದೇ ಎಣಿಸುವೆವು. ಆದರೆ ಆ ಗುಣದ ವೆಚ್ಚವನ್ನು ಕೊಟ್ಟವರು ಯಾರೆಂಬುದನ್ನು ಮಾತ್ರ ಮರೆಯಲಾಗದು.

ಚನ್ನಗಿರಿಯ ಮತದಾರರು ಕೃತಘ್ನರೆಂಬ ಮಾತು ಇಂದಿಗೂ ಕೇಳಬರುತ್ತದೆ. ೧೯೯೯ರ ಜುಲೈಯಲ್ಲಿ ವಿಧಾನಸಭೆ ವಿಸರ್ಜನೆಯಾಯಿತು, ಜನತಾದಳವು ಒಡೆಯಿತು, ಜೀವನಪರ್ಯಂತ ಸಮಾಜವಾದಿಯಾಗಿದ್ದ ಪಟೇಲರು ಭಾರತೀಯ ಜನತಾ ಪಕ್ಷದ ಮೈತ್ರಿಕೂಟದಲ್ಲಿದ್ದ ಸಂಯುಕ್ತ ಜನತಾದಳದ ಪರವಾಗಿ ನಿಂತರು. ಅವರ ಪಕ್ಷಕ್ಕೆ ದೊರೆತುದು ೧೮ ಸ್ಥಾನ. ಚನ್ನಗಿರಿಯಲ್ಲಿ ಅಧಿಕಾರಾರೂಢ ಮುಖ್ಯಮಂತ್ರಿಗಳನ್ನು ಸೋಲಿಸಿದವರು ಸ್ವತಂತ್ರ ಅಭ್ಯರ್ಥಿ ಶ್ರೀ ವಡ್ನಾಳ್ ರಾಜಣ್ಣನವರು. ೧೯೮೯ರ ಸೋಲನ್ನು ರಾಜ್ಯವ್ಯಾಪಿಯಾದ ಅಲೆಯೆಂದು ವಿವರಿಸಬಹುದು. ಸ್ವತಂತ್ರನೊಬ್ಬನಿಂದಾದ ಸೋಲಿಗೆ ಅಲೆಯ ವಿವರಣೆ ಸಲ್ಲದು. ಯಾವ ಪಕ್ಷದ ಧ್ವಜವೂ ಇಲ್ಲದ, ಕೈಗೆಟುಕುವ ಮನುಷ್ಯನೊಬ್ಬನನ್ನು ಜನರು ಆರಿಸಿಕೊಂಡರು. ಸರ್ಕಾರವು ಪ್ರಜೆಯ ಹತ್ತಿರವಿರಬೇಕೆಂದು ಮೂವತ್ತು ವರ್ಷ ಹೇಳಿದವರಿಗೆ ಪ್ರಜೆಗಳು ಅದೇ ವಾದದಿಂದ ಉತ್ತರ ಕೊಟ್ಟರೆಂದು ನಾವು ಅರ್ಥಮಾಡುತ್ತೇವೆ. ೨೦೦೪ರಲ್ಲಿ ಅದೇ ಮತದಾರರು ಅವರ ಪುತ್ರ ಶ್ರೀ ಮಹಿಮ ಪಟೇಲರನ್ನು ಆರಿಸಿದರು. ದ್ವೇಷವಿದ್ದಿದ್ದರೆ ಹಾಗಾಗುತ್ತಿರಲಿಲ್ಲ.

ಈ ವಿಷಯವನ್ನು ಮುಂದುವರಿಸಬೇಕೆನ್ನುವ ವಿದ್ಯಾರ್ಥಿಗಳಿಗೆ ಲೋಕಸಭೆಯ ನಡವಳಿಗಳು, ವಿಧಾನಸಭೆಯ ಚರ್ಚೆಗಳು, ಚುನಾವಣಾ ಆಯೋಗದ ಅಂಕಿಗಳು, ಜಿಲ್ಲಾ ರಚನೆಯ ಅಧಿಸೂಚನೆಗಳು ತೆರೆದೇ ಇವೆ. ಅವುಗಳ ಜೊತೆಗೆ ತಾಲ್ಲೂಕಿನ ಭೂಪಟವೊಂದನ್ನು ಕೈಯಲ್ಲಿ ಹಿಡಿದು ಹೋಬಳಿಯಿಂದ ಹೋಬಳಿಗೆ ನಡೆದರೆ ಪ್ರಸಂಗಸಂಗ್ರಹಗಳಲ್ಲಿ ಸಿಗದ ಹಲವು ಸಂಗತಿಗಳು ಸಿಗುವುವು.